ಸಂಧಿ ಬಿಡಿಸಿದವನ ಬೈಠಕ್

ಕಾಲುಚೀಲ ಹಾಕಿಕೊಳ್ಳುವುದು ಉಸಿರು ಬಿಗಿಹಿಡಿದು ಮಾಡಬೇಕಾದ ಸಾಹಸವೆಂದು ನನಗೆ ತಿಳಿದದ್ದು ಐವತ್ತಾರನೆಯ ವಯಸ್ಸಿನಲ್ಲಿ. ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತದೆ. ಹೊಟ್ಟೆಯನ್ನು ಹೇಗೋ ಒಲಿಸಿಕೊಂಡರೆ ಮೊಣಕಾಲು ಮುನಿಯುತ್ತದೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲೋಪ, ಆಗಮ, ಆದೇಶವೆಂದು ಸಂಧಿ ಬಿಡಿಸಿ ತೋರಿಸಿದ ಕನ್ನಡ ಮಾಸ್ತರ ನಾನು. ಸ್ವಂತ ಮೊಣಕಾಲಿನ ಸಂಧಿ ಬಿಡಿಸಲು ಬಾರದೆ ಮಂಚದ ಅಂಚಿನಲ್ಲಿ ಏದುಸಿರು ಬಿಡುತ್ತ ಕೂತದ್ದನ್ನು ಕಂಡರೆ ನೀವು ನಗದೆ ಇರಲಾರಿರಿ. ನಗಿ, ಅಡ್ಡಿಯಿಲ್ಲ.

ಕೊಪ್ಪಳದ ಡಾಕ್ಟರು ರಕ್ತದ ರಿಪೋರ್ಟು ನೋಡಿದರು. ದಿನಾ ಯಲಬುರ್ಗಾದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುವ ನನಗೆ ವ್ಯಾಯಾಮಕ್ಕೆ ವೇಳೆಯೆಲ್ಲಿ ಎಂಬ ಅಹವಾಲನ್ನೂ ಕೇಳಿ, "ವೇಳೆ ಇಲ್ಲದವರಿಗೇ ಇದು ಐತ್ರಿ. ಹತ್ತು ನಿಮಿಷ, ಮೈಯೆಲ್ಲ ದಣಿಯೂಹಂಗ" ಎಂದು ಚೀಟಿ ಬರೆದುಕೊಟ್ಟರು. ಬೈಠಕ್, ಅಂದರೆ ಬಸ್ಕಿ, ಇಪ್ಪತ್ತು; ಗೋಡೆಗೆ ಕೈಯೂರಿ ದಂಡ ಹತ್ತು, ನಿಂತಲ್ಲೇ ಓಟ ಎರಡು ನಿಮಿಷ. ಓದುತ್ತಿದ್ದಂತೆ ನನ್ನ ಮುಖ ಸಪ್ಪಗಾಯಿತು. ಇದೇ ಹತ್ತು ನಿಮಿಷವನ್ನು ಹದಿನಾಲ್ಕು ವರ್ಷ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದು ಕೊಡುತ್ತಿದ್ದರು.

ಅವರು ಮೌಲಾಸಾಬರು, ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರರು. ಪ್ರಾರ್ಥನೆಗೆ ಮೊದಲು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಬರ್ರಿ ಗುರುಗಳ, ಹತ್ತ ನಿಮಿಷ. ತಲಿಯಿಂದ ಹಿಮ್ಮಡಿತನಕ ಒಂದ್ ಎಲುಬೂ ರಜಾ ಹಾಕಬಾರದು" ಎಂದು ಕರೆಯುತ್ತಿದ್ದರು. ದಂಡ ಹೊಡೆಯುವುದೇ ದಂಡವೆಂದು ನಾನು ಶ್ಲೇಷೆ ಮಾಡಿ ಎಲ್ಲರನ್ನೂ ನಗಿಸುತ್ತಿದ್ದೆ. ಅವರೂ ನಗುತ್ತಿದ್ದರು.

ಅಷ್ಟೇ ಆಗಿದ್ದರೆ ನಷ್ಟ ನನ್ನೊಬ್ಬನದೇ. ಆದರೆ ಅವರ ಆಟದ ಪಿರಿಯಡ್ಡುಗಳನ್ನೂ ನಾನು ಕಸಿದುಕೊಳ್ಳುತ್ತಿದ್ದೆ. "ಪೋರ್ಷನ್ ಉಳದೈತ್ರಿ" ಎಂದರೆ ಸಾಕು, ಸೀಟಿಯನ್ನು ಕಿಸೆಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಒಂದು ವರ್ಷ ತಾಲೂಕು ಕ್ರೀಡಾಕೂಟಕ್ಕೆ ಎರಡು ವಾರ ಇರುವಾಗ ಹತ್ತನೆಯ ತರಗತಿಯ ಅಷ್ಟೂ ಆಟದ ಪಿರಿಯಡ್ಡುಗಳನ್ನು ವ್ಯಾಕರಣಕ್ಕೆ ಎಳೆದುಕೊಂಡೆ. ಆಗ ಮೊದಲ ಸಲ ಅವರು ಬೇಡಿಕೊಂಡರು. "ಈ ಖೋಖೋ ಹುಡುಗ್ಯಾರು ಜಿಲ್ಲಾಕ್ಕ ಹೋಗೂವಂಥಾರ್ರಿ. ಅರ್ಧಾನಾದ್ರೂ ಬಿಡ್ರಿ."

ಬಿಡಲಿಲ್ಲ. ಖೋಖೋ ತಂಡ ಮೊದಲ ಪಂದ್ಯದಲ್ಲೇ ಸೋತು ಬಂತು. ಏನಾಯಿತೆಂದು ತಂಡದ ನಾಯಕಿ ಹುಲಿಗೆಮ್ಮನನ್ನು ತರಗತಿಯಲ್ಲಿ ಕೇಳಿದೆ. ಆಕೆ ತಲೆಯೆತ್ತದೆ, "ಸಂಧಿ ಎಲ್ಲಾ ಬರ್ತಾವ್ರಿ ಸರ್. ಓಡಾಕ ಆಗಲಿಲ್ಲ" ಎಂದಳು. ಆಕೆ ಕಾಲೇಜು ಸೇರಲಿಲ್ಲ; ಅದೇ ಅವಳ ಕೊನೆಯ ಆಟವೆಂದು ಆಮೇಲೆ ತಿಳಿಯಿತು.

ಮೌಲಾಸಾಬರ ನಿವೃತ್ತಿಯ ದಿನ ನಾನು ಸಂಸ್ಕೃತ ಪದಗಳ ಮಾಲೆ ಕಟ್ಟಿ ಅರ್ಧ ಗಂಟೆ ಹೊಗಳಿದೆ. ಅವರು ಎದ್ದು ನಿಂತು, "ಪಿರಿಯಡ್ ಸಿಕ್ಕಷ್ಟು ಆಡಿಸೀನ್ರಿ" ಎಂದು ಕೂತುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹೋದ ಭಾನುವಾರ ಡಾಕ್ಟರ ಚೀಟಿ ಹಿಡಿದು ಮೌಲಾಸಾಬರ ಊರಾದ ಅಳವಂಡಿಗೆ ಹೋದೆ. ಅವರು ಮನೆಯ ಮುಂದೆ ಕುರ್ಚಿಯಲ್ಲಿದ್ದರು. ಲಕ್ವಾ ಹೊಡೆದು ಅವರ ಎಡಗೈ, ಎಡಗಾಲು ಸುಮ್ಮನಾಗಿದ್ದವು. ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಚೀಟಿಯನ್ನು ಓದಿ ಮಡಿಚಿ ಕೊಟ್ಟು, "ಓದಿದ್ರ ಬರೂದಲ್ರಿ ಇದು. ಇಲ್ಲೇ ನಿಂದರ್ರಿ" ಎಂದು ಎಣಿಸತೊಡಗಿದರು.

ನಾಲ್ಕನೆಯ ಬೈಠಕ್‌ಗೆ ತೊಡೆ ನಡುಗಿತು. ಆರು ಮುಗಿಸಿ ಮತ್ತೆ ಕುಕ್ಕರಿಸಿದವನು ಮೇಲೇಳಲಾಗದೆ, ಅವರ ಮೊಣಕಾಲಿನ ಎತ್ತರದಲ್ಲಿ ಕೂತೇ, "ಆ ಹುಡುಗ್ಯಾರ ಆಟ ನಾ ಕೆಡಿಸಿದ್ನಿರಿ, ಮೌಲಾಸಾಬರ" ಎಂದೆ.

ಅವರು ಕುರ್ಚಿಯಲ್ಲೇ ನನ್ನ ಕಡೆ ಬಾಗಿದರು.

"ಹೌದ್ರಿ, ಕೆಡಿಸಿದ್ರಿ" ಎಂದರು. ಆಮೇಲೆ ಬಲಗೈಯನ್ನು ನನ್ನ ಭುಜದ ಮೇಲಿಟ್ಟು, "ಏಳು" ಎಂದರು.

ಎಣಿಸಿದರೋ, ಎಬ್ಬಿಸಿದರೋ ಈ ಕನ್ನಡ ಮಾಸ್ತರನಿಗೆ ತಿಳಿಯಲಿಲ್ಲ. ಅವರ ಕುರ್ಚಿಯ ತೋಳು ಹಿಡಿದು ಎದ್ದೆ.