ನಾನು ಸೈಡ್ ಕೊಡದ ದಾರಿಯಲ್ಲೇ ಮೊಮ್ಮಗಳಿಗೆ ಕಿವಿ ಬಂತು

ಲಿಂಗವನ್ನು ನಂಬಿ ಬಾಳುವ ಎಲ್ಲ ತಂದೆ ತಾಯಿಗಳಿಗೆ ಔರಾದಿನ ಚನ್ನಪ್ಪ ಡ್ರೈವರ್ ಕೈಮುಗಿದು ಬರೆಯುವುದು. ನಾನು ಮೂವತ್ತು ವರ್ಷ ಬಸ್ಸು ಓಡಿಸಿದವನು. ಹೇಳಬೇಕಾದ್ದನ್ನೆಲ್ಲ ಹಾರ್ನ್ ಹೊಡೆದೇ ಹೇಳಿ ರೂಢಿ, ಪೆನ್ನು ಹಿಡಿದರೆ ಕೈ ತಡವರಿಸುತ್ತದೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆ ಇರುವುದು ಔರಾದಿನಿಂದ ಚಿಂತಾಕಿಗೆ ಹೋಗುವ ರಸ್ತೆಯ ಮೇಲೆ. ಬೀದರಿನಿಂದ ಚಿಂತಾಕಿಗೆ ಬಸ್ಸು ಒಯ್ಯುವಾಗ ಮನೆಯ ಮುಂದೆ ನಿಧಾನಿಸಿ ಎರಡು ಸಲ ಹಾರ್ನ್ ಹೊಡೆಯುತ್ತಿದ್ದೆ. ಸದ್ದು ಕೇಳಿ ನನ್ನ ಹೆಂಡತಿ ಮಲ್ಲಮ್ಮ ಬುತ್ತಿ ಹಿಡಿದು ಬರುವುದು, ಕಿಟಕಿಯಲ್ಲಿ ಕೊಟ್ಟು ಹೋಗುವುದು. ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ, ಹಾಗೇ ಬಸ್ಸು ನಿಲ್ಲಿಸಿದೆ. ಮಗನ ಮಗಳು ನೀಲಾ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ, ಬಸ್ಸಿಗೆ ಬೆನ್ನು ಹಾಕಿ, ಹರಳು ಆಡುತ್ತ ಕೂತಿದ್ದಳು. ಆಗ ಆಕೆಗೆ ಎರಡು ವರ್ಷ ತುಂಬುವುದರಲ್ಲಿತ್ತು. ಹಾರ್ನ್ ಹೊಡೆದೆ. ಪಕ್ಕದ ಮನೆಯ ಕರು ಹಗ್ಗ ಜಗ್ಗಿ ಕುಣಿಯಿತು. ಕೋಳಿಗಳು ದಿಕ್ಕಾಪಾಲಾದವು. ಮೊಮ್ಮಗಳು ತಿರುಗಲಿಲ್ಲ. ಇನ್ನೊಮ್ಮೆ ಉದ್ದಕ್ಕೆ ಒತ್ತಿ ಹಿಡಿದೆ. ಆಕೆ ಒಂದು ಹರಳು ಎತ್ತಿ ಇನ್ನೊಂದರ ಮೇಲೆ ಇಟ್ಟಳು.

ಬುತ್ತಿ ಹಿಡಿದು ಬಂದ ಮಲ್ಲಮ್ಮ ಮೊಮ್ಮಗಳನ್ನು ನೋಡಿದಳು, ನನ್ನನ್ನು ನೋಡಿದಳು. ಅಲ್ಲಿಯವರೆಗೆ ಕೂಸು ಮಾತು ಕಲಿತಿಲ್ಲವೆಂದು ಸೊಸೆ ಚಿಂತೆ ಮಾಡಿದಾಗೆಲ್ಲ, "ನಮ್ಮ ಮನೆತನದಾಗ ಮಾತು ತಡಾನೇ" ಎಂದು ನಗಿಸಿ ಬಾಯಿ ಮುಚ್ಚಿಸುತ್ತಿದ್ದವನು ನಾನೇ. ಅವತ್ತು ಚಿಂತಾಕಿ ಮುಟ್ಟಿದರೂ ಬುತ್ತಿ ಬಿಚ್ಚಲಿಲ್ಲ.

ಬೀದರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. ಡಾಕ್ಟರು ಸಣ್ಣ ವಯಸ್ಸಿನವರು, ಸಮಾಧಾನದಿಂದ ಹೇಳಿದರು. "ಅಜ್ಜಾರ, ಹುಟ್ಟಿದಾಗಿಂದ ಎರಡೂ ಕಿವಿ ಕೇಳಸಲ್ಲ. ಹೈದರಾಬಾದಿನ್ಯಾಗ ಕಿವಿ ಒಳಗ ಒಂದು ಮಶೀನ್ ಕೂಡಿಸ್ತಾರ. ಆದ್ರ ಮಾತು ಕಲಿಯೋ ವಯಸ್ಸು ದಾಟೋದ್ರಾಗ ಆಗ್ಬೇಕು. ತಡ ಮಾಡಬ್ಯಾಡ್ರಿ."

ಆ ಯಂತ್ರ ನಮ್ಮ ಕೈಗೆ ಎಟುಕುವಂಥದ್ದಲ್ಲ. ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸಿದೆವು. ನಮಗಿಂತ ಮುಂದೆ ಬೇರೆ ಮಕ್ಕಳಿದ್ದರು. ಅವೂ ಯಾರದೋ ಮನೆಯ ಕೂಸುಗಳೇ, ಹಿಂದೆ ಸರಿಸಿರಿ ಎನ್ನಲು ಬಾಯಿ ಬರಲಿಲ್ಲ. ಡ್ಯೂಟಿಗೆ ಹೋಗುವ ಮೊದಲು ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ದಿನವೂ ಒಂದೇ ಮಾತು ಕೇಳಿದೆ. ನನ್ನ ಕೂಸಿಗೆ ಸದ್ದು ಕೊಡಪ್ಪ, ಬೇರೇನೂ ಬೇಡ.

ಪೂಜೆಯಲ್ಲಿ ಹೀಗೆ ಬೇಡಿಕೊಂಡು ಸ್ಟೇರಿಂಗ್ ಹಿಡಿದರೆ ನಾನು ಬೇರೆಯೇ ಮನುಷ್ಯ. ಎಂದೂ ಇಲ್ಲದಷ್ಟು ಸಿಟ್ಟು ತಲೆಗೇರಿತ್ತು. ಮೊದಲಿನಿಂದಲೂ ಮೋಟಾರ್ ಸೈಕಲ್ಲಿನವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎಡಕ್ಕೂ ನುಗ್ಗುತ್ತಾರೆ, ಬಲಕ್ಕೂ ನುಗ್ಗುತ್ತಾರೆ, ಬಿದ್ದರೆ ಬಸ್ಸಿನವನದೇ ತಪ್ಪು. ಆ ವರ್ಷ ಚಳಿಗಾಲದ ಒಂದು ರವಿವಾರ ಬೀದರಿನಿಂದ ಔರಾದಿಗೆ ಬರುತ್ತಿದ್ದೆ. ಜನವಾಡ ದಾಟಿದ ಮೇಲೆ ಮೂವತ್ತು ನಲವತ್ತು ಬೈಕುಗಳ ಒಂದು ದಂಡು ಬೆನ್ನು ಹತ್ತಿತು. ಬೈಕುಗಳಿಗೆ ಬಾವುಟ ಕಟ್ಟಿದ್ದರು. ಅದರ ಮೇಲೆ ರೋಗದ ಮಕ್ಕಳ ಸಹಾಯಕ್ಕಾಗಿ ಎಂದು ಬರೆದದ್ದು ಕನ್ನಡಿಯಲ್ಲಿ ಉಲ್ಟಾ ಕಂಡರೂ ಓದಲು ಬರುವಷ್ಟು ಹತ್ತಿರವಿದ್ದರು. ಎಲ್ಲರಿಗಿಂತ ಮುಂದೆ ಒಂದು ಹಳದಿ ಹೆಲ್ಮೆಟ್. ಸಣ್ಣಗೆ ಹಾರ್ನ್ ಹೊಡೆದು ಸೈಡ್ ಕೇಳುತ್ತಿದ್ದರು.

ನಾನು ಕೊಡಲಿಲ್ಲ. ಸಂತಪುರದವರೆಗೂ ಕೊಡಲಿಲ್ಲ. ಸಂತಪುರ ದಾಟಿದ ಮೇಲಿನ ಇಳಿಜಾರಿನಲ್ಲಿ ಹಳದಿ ಹೆಲ್ಮೆಟ್ಟಿನವರು ಪಕ್ಕಕ್ಕೆ ಬಂದರು. ನಾನು ಸ್ಟೇರಿಂಗ್ ಒಂದಿಷ್ಟು ಆ ಕಡೆ ಎಳೆದೆ. ಒಂದಿಷ್ಟೇ. ಬೈಕು ರಸ್ತೆ ಬಿಟ್ಟು ಎರೆಮಣ್ಣಿಗೆ ಇಳಿದು ಬಿತ್ತು. ಬಸ್ಸಿನಲ್ಲಿ ನನ್ನ ಹಿಂದೆ ಕೂತ ಒಬ್ಬ ಹೆಣ್ಣುಮಗಳು ಕೂಗಿದಳು. "ನಿಲ್ಲಸ್ರಿ ಡ್ರೈವರ್, ಯಾರೋ ಬಿದ್ರು."

"ಮೋಜು ಮಾಡ್ಲಕ್ಕ ಬಂದೋರು ಬೀಳ್ಲಿ ಬಿಡ್ರಿ" ಅಂದೆ.

ಹಳದಿ ಹೆಲ್ಮೆಟ್ ಎದ್ದು ನಿಂತದ್ದು ಕನ್ನಡಿಯಲ್ಲಿ ಕಂಡಿತು. ಬಸ್ಸು ನಿಲ್ಲಿಸದೆ ಹೋದೆ. ಬಂಧುಗಳೇ, ಇದನ್ನು ಮುಚ್ಚಿಟ್ಟು ಬರೆದಿದ್ದರೆ ಬರಹ ಚೆಂದ ಇರುತ್ತಿತ್ತು, ಆದರೆ ದೇವರ ಕೃಪೆ ಎಲ್ಲಿಂದ ಬಂತೆಂಬುದು ನಿಮಗೆ ತಿಳಿಯುತ್ತಿರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ನಿವೃತ್ತನಾದೆ. ನೀಲಾಗೆ ಮೂರು ತುಂಬಿತು. ಪಟ್ಟಿ ಮುಂದೆ ಸರಿಯಲಿಲ್ಲ. ದೀಪಾವಳಿ ಕಳೆದ ಮೇಲೆ ಮಗ ಒಂದು ಸುದ್ದಿ ತಂದ. ಭಾಲ್ಕಿಯಲ್ಲಿ ಬೈಕಿನವರ ಒಂದು ಗುಂಪು ಇದೆಯಂತೆ, ವರ್ಷಕ್ಕೊಂದು ಕೂಸಿನ ಸಲುವಾಗಿ ಊರೂರು ತಿರುಗಿ ನೆರವು ಕೂಡಿಸುತ್ತಾರಂತೆ, ಮುಖ್ಯಸ್ಥರು ರೇಣುಕಾ ಎಂಬ ಗಣಿತದ ಟೀಚರ್ ಅಂತೆ. ಬೈಕಿನವರು ಎಂದ ಕೂಡಲೇ ನನಗೆ ಆ ಇಳಿಜಾರು ನೆನಪಾಯಿತು. ಆದರೂ ಬಸ್ಸು ಹತ್ತಿ ಭಾಲ್ಕಿಗೆ ಹೋದೆ.

ಟೀಚರ ಅಂಗಳದಲ್ಲಿ ಬೈಕು ನಿಂತಿತ್ತು. ಅದರ ಕನ್ನಡಿಗೆ ಹಳದಿ ಹೆಲ್ಮೆಟ್ ತೂಗುಹಾಕಿದ್ದರು. ಒಂದು ಬದಿ ಉದ್ದಕ್ಕೂ ಗೀರು ಬಿದ್ದಿತ್ತು. ಆಕೆ ಚಹಾ ತಂದುಕೊಡುವಾಗ ಮೊಣಕೈಯಲ್ಲಿ ಹೊಲಿಗೆ ಹಾಕಿದ ಗುರುತೂ ಕಂಡಿತು. ನನ್ನ ಗುರುತು ಆಕೆಗೆ ಹತ್ತಲಿಲ್ಲ. ಬಸ್ಸಿನ ಹಿಂಭಾಗವನ್ನಷ್ಟೇ ನೋಡಿದ್ದವರಿಗೆ ಹೇಗೆ ಹತ್ತಬೇಕು? ಕೂಸಿನ ಕಾಗದಪತ್ರ ನೋಡಿ, "ಕಾಕಾ, ಒಮ್ಮೆ ಕೂಸಿಗಿ ಕರ್ಕೊಂಡು ಬರ್ರಿ. ನೋಡಿ ಎಲ್ಲಾರೂ ಕೂಡಿ ಮಾತಾಡ್ತೇವ" ಅಂದರು. ನಾನು ಚಹಾ ಕುಡಿದು, ಕೈಮುಗಿದು, ಕಳ್ಳನ ಹಾಗೆ ಎದ್ದು ಬಂದೆ.

ಮರುದಿನ ಪೂಜೆಗೆ ಕೂತರೆ ಲಿಂಗ ಅಂಗೈಯಲ್ಲಿ ಅಲುಗಾಡಿತು. ಲಿಂಗದ ಮೇಲೆ ನೋಟ ನಿಲ್ಲಲೊಲ್ಲದು, ಅಲ್ಲಿ ಹಳದಿ ಹೆಲ್ಮೆಟ್ಟೇ ಕಾಣುತ್ತದೆ. ಮಲ್ಲಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ನೋಡಿದಳು. "ಏನಾಗ್ಯಾದ ಹೇಳ್ರಿ" ಅಂದಳು. ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟಳು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೋಯಿತು.

"ಹೋಗಿ ಹೇಳಿ ಬರ್ರಿ."

"ಕೇಳಿ ಆಗಲ್ಲ ಅಂದ್ರ?"

"ಆಗಲ್ಲ ಅಂದ್ರ ಆಗಲ್ಲ. ಸುಳ್ಳಿನ ಮ್ಯಾಲ ಬರೋ ಕಿವಿ ನನ್ನ ಕೂಸಿಗಿ ಬ್ಯಾಡ."

ಹೇಳಿದವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೊಮ್ಮಗಳ ಬಾಯಿಂದ, ನಮ್ಮ ಕಡೆ ಅಜ್ಜಿಗೆ ಅನ್ನುವಂತೆ, "ಆಯಿ" ಅನ್ನಿಸಿಕೊಳ್ಳಬೇಕೆಂದು ಹಂಬಲಿಸಿ ಅರ್ಧ ಆದವಳು ಆಕೆಯೇ. ಆ ಮಾತು ಆಡಲು ಆಕೆಗೆ ಏನಾಗಿರಬೇಕು ಎಂದು ನಾನು ಇವತ್ತಿಗೂ ಯೋಚಿಸುತ್ತೇನೆ.

ನೀಲಾಳನ್ನು ಎತ್ತಿಕೊಂಡು ಮೊದಲ ಬಸ್ಸಿಗೇ ಹೊರಟೆ. ಟೀಚರ್ ಶಾಲೆಗೆ ಹೊರಡಲು ಬೈಕು ಚಾಲೂ ಮಾಡಿ ನಿಂತಿದ್ದರು. ನಾನು ಕೂಸನ್ನು ಕೆಳಗೆ ಬಿಟ್ಟು, ಮಾತು ಆರಿಸಲು ಹೋದರೆ ಧೈರ್ಯ ಹೋಗುತ್ತದೆಂದು ನಿಂತಲ್ಲೇ ಹೇಳಿಬಿಟ್ಟೆ.

"ಅಕ್ಕಾರ, ಸಂತಪುರ ದಾಟಿದ ಮ್ಯಾಲ ನಿಮಗ ಕೆಡವಿದ ಬಸ್ಸು ನಂದೇರಿ. ನೀವು ಬಿದ್ದಿದ್ದು ಕನ್ನಡ್ಯಾಗ ನೋಡೀನಿ. ನೋಡಿ ಹ್ವಾದೆ."

ಆಕೆ ಮೊಣಕೈ ಮುಟ್ಟಿಕೊಂಡರು. ಅಷ್ಟರಲ್ಲಿ ನೀಲಾ ಬೈಕಿನ ಹತ್ತಿರ ಹೋಗಿ ಪೆಟ್ರೋಲ್ ಟಾಕಿಗೆ ಅಂಗೈ ಹಚ್ಚಿ ನಿಂತಿದ್ದಳು. ಎಂಜಿನ್ ಮಿಡಿಯುವುದು ಕೈಗೆ ತಾಗಿ ಆಕೆಯ ಮುಖ ಅರಳಿತ್ತು. ಟೀಚರ್ ಕೂಸನ್ನು ನೋಡಿದರು. ಮೆಲ್ಲಗೆ ಎಕ್ಸಲೇಟರ್ ತಿರುವಿದರು. ಮಿಡಿತ ಹೆಚ್ಚಾಯಿತು, ನೀಲಾ ನಕ್ಕಳು. ಇಳಿಸಿದರೆ, ಮತ್ತೆ ಮಾಡು ಎಂಬಂತೆ ಅವರ ಮುಖ ನೋಡಿದಳು. ಲಿಂಗ ಹಿಡಿಯುವ ಅಂಗೈಯಲ್ಲಿ ನಾನು ಕಾಣದ್ದನ್ನು ನನ್ನ ಮೊಮ್ಮಗಳು ಅಂಗೈಯಿಂದಲೇ ಕೇಳುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

"ಆ ಬಸ್ಸಿನವ ಸಿಕ್ರ ಏನೇನು ಅನ್ಬೇಕಂತ ಭಾಳ ದಿನ ಮನಸಿನ್ಯಾಗ ಇಟ್ಕೊಂಡಿದ್ದೆ" ಅಂದರು ಟೀಚರ್. "ಈಗ ಒಂದೂ ಬಾಯಿಗಿ ಬರಲೊಲ್ದು. ನೀವು ಹೇಳದಿದ್ರ ನನಗ ಗೊತ್ತೇ ಆಗ್ತಿರ್ಲಿಲ್ಲ. ಯಾಕ ಹೇಳಿದ್ರಿ?"

"ಕೈಯಾಗ ಲಿಂಗ ನಿಲ್ಲಲೊಲ್ದಾಗಿತ್ತರಿ."

ಆಕೆ ಎಂಜಿನ್ ಬಂದ್ ಮಾಡಲಿಲ್ಲ. ಕೂಸಿನ ಕೈ ಇನ್ನೂ ಟಾಕಿಯ ಮೇಲಿತ್ತು. "ಈ ವರ್ಷ ಈಕಿ ಸಲುವಾಗೇ ಹೋಗೋಣು. ಆದ್ರ ಒಂದು ಮಾತು. ನೀವೂ ಬರಬೇಕು, ಎಲ್ಲಾರಕಿಂತ ಮುಂದ, ನನ್ನ ಹಿಂದ ಕೂತು. ನಮಗ ಬಸ್ಸಿನವರು ಸೈಡ್ ಕೊಡಲ್ಲ ಕಾಕಾ. ನಿಮಗರ ಕೊಡ್ತಾರೇನು ನೋಡೋಣು."

ಸಂಕ್ರಾಂತಿ ಕಳೆದ ಮೇಲಿನ ರವಿವಾರ, ಬೀದರ ಕೋಟೆಯ ಹತ್ತಿರದಿಂದ ಹೊರಟೆವು. ಧೋತರ ಉಟ್ಟು, ತಲೆಗೆ ದೊಡ್ಡದಾದ ಒಂದು ಹೆಲ್ಮೆಟ್ ಹಾಕಿಕೊಂಡು, ಮಗಳ ವಯಸ್ಸಿನ ಹೆಣ್ಣುಮಗಳ ಹಿಂದೆ ಹೆದರಿ ಮುದುಡಿ ಕೂತ ನನ್ನನ್ನು ಕಂಡು ದಾರಿಯ ಜನ ನಕ್ಕರು. ನಗಲಿ ಬಿಡಿ. ಮಾಂಜ್ರಾ ಸೇತುವೆ ದಾಟಿದೆವು, ಎದುರಿಗೆ ಔರಾದಿನ ಬಸ್ಸು ಬಂತು. ಡ್ರೈವರುಗಳಾದ ನಾವು ಎದುರಾದಾಗ ಸ್ಟೇರಿಂಗಿನಿಂದ ಒಂದು ಕೈ ಎತ್ತಿ ತೋರಿಸುವ ರೂಢಿ ಇದೆ. ನನಗೆ ಗೊತ್ತಿಲ್ಲದೆಯೇ ಕೈ ಮೇಲೆ ಹೋಯಿತು. ಬಸ್ಸು ಗಕ್ಕನೆ ನಿಂತಿತು. ಓಡಿಸುತ್ತಿದ್ದವನು ನನ್ನ ಜೊತೆ ಇಪ್ಪತ್ತು ವರ್ಷ ದುಡಿದ ಬಾಬುಮಿಯಾ.

"ಅರೇ ಚನ್ನಪ್ಪ, ನೀ ಬೈಕಿನ ಮ್ಯಾಲ? ದುನಿಯಾ ಉಲ್ಟಾ ಆಯ್ತೇನು?"

"ಆಗ್ಯಾದ ಭಾಯಿ. ಮೊಮ್ಮಗಳ ಕಿವಿ ಸಲುವಾಗಿ ಹೊಂಟೀನಿ."

ಬಾಬುಮಿಯಾನ ನಗು ನಿಂತಿತು. ಸೀಟಿನಿಂದ ಎದ್ದು ಜನರ ಕಡೆ ತಿರುಗಿ, "ಇಂವ ನಮ್ಮ ಡ್ರೈವರ್ ಇದ್ದಾನ, ಇವನ ಕೂಸಿಗಿ ಕೇಳಸಲ್ಲ, ಕೈಲಾದಷ್ಟು ಕೊಡ್ರಿ" ಅಂದ. ಕಿಟಕಿ ಕಿಟಕಿಯಿಂದ ಕೈಗಳು ಹೊರಬಂದವು. ಆಮೇಲೆ ಆತ ಎಲ್ಲಿಗೆಲ್ಲ ಫೋನು ಮಾಡಿದನೋ ತಿಳಿಯದು. ಆ ದಾರಿಯಲ್ಲಿ ಎದುರಾದ ಒಂದೊಂದು ಬಸ್ಸೂ ಬದಿಗೆ ಸರಿದು ನಿಂತು ನಮ್ಮ ದಾರಿ ಕಾಯುತ್ತಿತ್ತು. ಹಿಂದಿನಿಂದ ಬರುತ್ತಿದ್ದವೂ ನಮ್ಮನ್ನು ದಾಟಲಿಲ್ಲ. ನಾನು ಯಾರಿಗೂ ಕೊಡದ ಸೈಡ್ ನನಗೆ ಎಲ್ಲರೂ ಕೊಟ್ಟರು.

ಸಂತಪುರ ದಾಟಿ ಆ ಇಳಿಜಾರು ಬಂದಾಗ ಟೀಚರ್ ತಾವಾಗಿಯೇ ವೇಗ ಇಳಿಸಿದರು.

"ಇಲ್ಲೇ ಅಲ್ರಿ?" ಅಂದೆ.

"ಇಲ್ಲೇ ಕಾಕಾ. ಗಟ್ಟಿ ಹಿಡ್ಕೊಂಡು ಕೂಡ್ರಿ, ಮುಂದ ತಗ್ಗು ಅದ" ಅಂದರು. ಆ ಮಾತು ಅಲ್ಲಿಗೇ ಮುಗಿಯಿತು, ಮತ್ತೆ ಎಂದೂ ಎತ್ತಲಿಲ್ಲ.

ಕೂಡಿದ್ದೆಷ್ಟು ಎಂಬುದನ್ನು ಬರೆಯುವುದಿಲ್ಲ, ಸಾಲುವಷ್ಟು ಕೂಡಿತು. ಬೇಸಿಗೆ ಹತ್ತುವ ಮೊದಲೇ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಗಾಯ ಮಾಯಲು ಬಿಟ್ಟು, ಕೆಲವು ವಾರದ ಮೇಲೆ ಯಂತ್ರ ಚಾಲೂ ಮಾಡಿದರು. ಕೂಸು ನಗುತ್ತದೆಂದು ನಾವೆಲ್ಲ ಸುತ್ತ ನಿಂತು ಕಾದರೆ, ಆಕೆ ಬೆದರಿ ಚೀರಿ ತಾಯಿಯ ಕೊರಳಿಗೆ ಜೋತುಬಿದ್ದಳು. ನನಗೂ ಹೆದರಿಕೆಯಾಯಿತು. "ಅತ್ತದ್ದೇ ಒಳ್ಳೇದು, ಕೇಳಿಸಿದ್ದಕ್ಕೇ ಅತ್ತಾಳ" ಎಂದು ಅಲ್ಲಿಯ ನರ್ಸಮ್ಮ ಧೈರ್ಯ ಹೇಳಿದರು. ಊರಿಗೆ ಬಂದ ಮೇಲೂ ವಾರಗಟ್ಟಲೆ ಕಿವಿಯ ಹಿಂದೆ ಹಚ್ಚುವ ಯಂತ್ರದ ಹೊರಭಾಗವನ್ನು ಕಿತ್ತು ಒಗೆಯುವುದು, ಸೊಸೆ ಮತ್ತೆ ಹಚ್ಚುವುದು, ಬೀದರಿಗೆ ಮಾತಿನ ತರಬೇತಿಗೆ ಬಸ್ಸಿನಲ್ಲಿ ಓಡಾಡುವುದು. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಇಷ್ಟಾಗಿಯೂ ಕೇಳಿಸುವುದಿಲ್ಲವೇನೋ ಎಂದು ನನ್ನ ಮನಸ್ಸು ಕುಂದಿತ್ತು.

ಈ ಶ್ರಾವಣದ ಒಂದು ದಿನ ನಾನು ಕಟ್ಟೆಯ ಮೇಲೆ ಕೂತಿದ್ದೆ. ನೀಲಾ ಅದೇ ಬೇವಿನ ಗಿಡದ ಕೆಳಗೆ, ರಸ್ತೆಗೆ ಬೆನ್ನು ಹಾಕಿ, ಹರಳು ಆಡುತ್ತಿದ್ದಳು. ಚಿಂತಾಕಿಯ ಬಸ್ಸು ಬಂತು. ಬಾಬುಮಿಯಾ ದೂರದಲ್ಲೇ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿ, ಹೊಡೆಯಲೇ ಎಂದು ಕೈಯಲ್ಲೇ ಕೇಳಿದ. ನನಗೆ ಹೂಂ ಎನ್ನಲು ಧೈರ್ಯ ಸಾಲಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಆತ ಒಂದೇ ಸಲ, ಸಣ್ಣಗೆ, ಹಾರ್ನ್ ಹೊಡೆದ.

ಹರಳು ಹಿಡಿದ ಕೈ ಹಾಗೇ ನಿಂತಿತು. ನೀಲಾ ತಿರುಗಿ ನೋಡಿದಳು.

ಒಳಗಿನಿಂದ ಮಲ್ಲಮ್ಮ ಓಡಿ ಬಂದಳು. ಮೂವತ್ತು ವರ್ಷದ ರೂಢಿ, ಹಾರ್ನ್ ಕೇಳಿ ಕೈಯಲ್ಲಿ ಬುತ್ತಿಯ ಡಬ್ಬಿ ಹಿಡಿದೇ ಬಂದಿದ್ದಳು. ನೀಲಾ ಬಸ್ಸಿನ ಕಡೆ ಬೆರಳು ಮಾಡಿ, ಅಜ್ಜಿಯ ಮುಖ ನೋಡಿ, "ಆಯಿ" ಅಂದಳು. ಮಲ್ಲಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಆ ಹೊತ್ತಿನ ಬುತ್ತಿಯನ್ನು ಬಾಬುಮಿಯಾನೇ ಒಯ್ದು ಉಂಡ.

ಬಂಧುಗಳೇ, ನನ್ನ ಕೂಸಿಗೆ ಸದ್ದು ಕೊಡು ಎಂದು ನಾನು ಬೇಡಿಕೊಂಡಿದ್ದೆ. ನನ್ನ ಬೆನ್ನಿಗೆ ಸಣ್ಣಗೆ ಹಾರ್ನ್ ಹೊಡೆದು ಸೈಡ್ ಕೇಳುತ್ತ ಬಂದದ್ದು ಆ ಬೇಡಿಕೆಯ ಉತ್ತರವೇ ಆಗಿತ್ತು. ಕಿವಿ ಇದ್ದೂ ಕೇಳಿಸಿಕೊಳ್ಳದೆ ಅದನ್ನು ರಸ್ತೆಯಿಂದ ಕೆಳಗಿಳಿಸಿದವನು ನಾನು. ಆದರೂ ಬಸವ ತಂದೆ ಕೈಬಿಡಲಿಲ್ಲ, ಮಣ್ಣಿನಿಂದ ಎದ್ದು ಬಂದವರ ಕೈಯಿಂದಲೇ ಕೊಡಿಸಿದ. ಈಗ ಪೂಜೆಯಲ್ಲಿ ಏನೂ ಬೇಡುವುದಿಲ್ಲ. ಲಿಂಗ ಅಂಗೈಯಲ್ಲಿ ಅಲುಗಾಡದೆ ಕೂರುತ್ತದೆ, ಅದು ಸಾಕು.

ಬರುವ ಸಂಕ್ರಾಂತಿಯ ನಂತರ ಟೀಚರ್ ಭಾಲ್ಕಿ ಕಡೆಯ ಇನ್ನೊಂದು ಕೂಸಿನ ಸಲುವಾಗಿ ಹೊರಡುತ್ತಾರೆ. ಹಳದಿ ಹೆಲ್ಮೆಟ್ಟಿನ ಹಿಂದೆ ಒಬ್ಬ ಮುದುಕ ಕೈ ಎತ್ತಿಕೊಂಡು ಕೂತಿರುವುದು ಕಂಡರೆ, ದಯವಿಟ್ಟು ಸೈಡ್ ಕೊಡಿ.