ಜಪಾನಿಗೆ ಹೋಗಲೇ ಎಂದಾಗ ಹನುಮಪ್ಪ ಕೊಟ್ಟ ಹೂ

ನನ್ನ ಹೆಂಡತಿ ಚೆನ್ನಮ್ಮ ಎರಡು ಸಲ ಹೆತ್ತು, ಎರಡು ಸಲವೂ ಬರಿಯ ಮಡಿಲಲ್ಲಿ ಎದ್ದವಳು. ಮೊದಲನೆಯ ಕೂಸು ಏಳು ತಿಂಗಳಿಗೇ ಹುಟ್ಟಿ ಹೋಯಿತು. ಎರಡನೆಯದು ಹೆಸರಿಡುವ ಮೊದಲೇ ಹೋಯಿತು. ಮೂರನೆಯ ಸಲ ಅವಳು ಬಸುರಿಯಾಗಿದ್ದಾಗ, ಜಪಾನ್ ದೇಶಕ್ಕೆ ಬಂದು ಅಲ್ಲಿಯ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೀರಾ ಎಂದು ಒಬ್ಬರು ನನ್ನನ್ನು ಕೇಳಿದರು. ಬೇರೆಯವರಿಗೆ ಇಂಥ ಮಾತು ಹಬ್ಬ. ನನಗೆ ಎದೆಯ ಮೇಲೆ ಕಲ್ಲು ಇಟ್ಟಂತಾಯಿತು. ಜಡೆ ಊರಿನ ಕೆರೆ ಏರಿಯ ಮೇಲಿನ ನಮ್ಮ ಪುಟ್ಟ ಗುಡಿಯ ಹನುಮಪ್ಪ ಆ ಕಲ್ಲನ್ನು ಹೇಗೆ ಇಳಿಸಿದ ಎಂಬುದನ್ನು, ಶನಿವಾರ ಅಲ್ಲಿ ಸೇರುವ ನಿಮಗೆಲ್ಲ ತಿಳಿಸಬೇಕೆಂದು ಬರೆಯುತ್ತಿದ್ದೇನೆ. ನಾನು ಸ್ವಲ್ಪ ವಾದ ಮಾಡುವ ಮನುಷ್ಯ ಎಂದು ನಿಮಗೆ ಗೊತ್ತು. ದೇವರ ಜೊತೆಗೂ ವಾದ ಮಾಡಿದ್ದೇನೆ. ಅದನ್ನೂ ಮುಚ್ಚಿಡುವುದಿಲ್ಲ.

ಆಗ ಹೊಸ ಮೈಸೂರು ರಾಜ್ಯ ಆಗಿ ಎರಡು ವರ್ಷವಾಗಿತ್ತು. ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಚೆನ್ನಮ್ಮನನ್ನು ಅವಳ ತಾಯಿ, ನಮ್ಮ ಅತ್ತೆ, "ಈ ಸಲ ಮಗಳು ನನ್ನ ಕಣ್ಣೆದುರಿಗೇ ಇರ್ಲಿ ಅಳಿಯಂದ್ರೇ, ನಿಮ್ಮೂಟಕ್ಕೆ ಖಾನಾವಳಿ ಐತಲ್ಲ" ಎಂದು ನಾಲ್ಕನೇ ತಿಂಗಳಿಗೇ ಜಡೆಗೆ ಕರೆದುಕೊಂಡು ಹೋಗಿದ್ದರು. ಶನಿವಾರ ಶಾಲೆ ಬಿಟ್ಟ ಕೂಡಲೇ ನಾನು ಬಸ್ಸು ಹಿಡಿದು ಶಿರಾಳಕೊಪ್ಪ, ಆನವಟ್ಟಿ ದಾಟಿ ಜಡೆಗೆ ಹೋಗುವುದು, ಸೋಮವಾರ ಬೆಳಗಿನ ಬಸ್ಸಿಗೆ ಹಿಂದಿರುಗುವುದು. ಬಸ್ಸಿನ ಕಂಡಕ್ಟರ್ ನನ್ನನ್ನು ಕಂಡರೆ "ಬರ್ರಿ ಅಳಿಯಂದ್ರೇ" ಎಂದೇ ಕರೆಯುತ್ತಿದ್ದ.

ಆ ಮುಂಗಾರಿನಲ್ಲಿ ಆನವಟ್ಟಿ ಹತ್ತಿರದ ಒಂದು ಗದ್ದೆಯಲ್ಲಿ ಜಪಾನ್ ಪದ್ಧತಿಯ ಭತ್ತದ ಬೇಸಾಯ ತೋರಿಸಲು ಹಯಾಶಿ ಎಂಬ ಜಪಾನಿನವರು ಬಂದಿದ್ದರು. ಅವರಿಗೆ ಕನ್ನಡ ಬಾರದು, ಗ್ರಾಮಸೇವಕರಿಗೆ ಅವರ ಇಂಗ್ಲಿಷ್ ತಿಳಿಯದು. ಹೇಗೂ ವಾರವಾರ ಈ ದಾರಿಯಲ್ಲಿ ಓಡಾಡುವ ಮೇಷ್ಟ್ರೊಬ್ಬ ಇದ್ದಾನಲ್ಲ ಎಂದು ನನ್ನನ್ನು ಹಿಡಿದು ಬದುವಿನ ಮೇಲೆ ನಿಲ್ಲಿಸಿದರು. ಹಯಾಶಿಯವರು ಪಂಚೆಯಂತೆ ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕೆಸರಿಗೆ ಇಳಿಯುವರು. ಗಂಟು ಹಾಕಿದ ಹಗ್ಗವನ್ನು ಗದ್ದೆಯ ಅಡ್ಡಕ್ಕೆ ಎಳೆದು, ಒಂದೊಂದು ಗಂಟಿಗೆ ಒಂದೊಂದು ಸಸಿ ಎಂದು ತೋರಿಸುವರು. ನಾಟಿಯ ಹೆಂಗಸರು ನಕ್ಕು ನಕ್ಕು ಸುಸ್ತಾಗುತ್ತಿದ್ದರು.

"ಅಯ್ಯ, ಭತ್ತಾನ ಶಾಲಿ ಹುಡುಗ್ರಂಗೆ ಸಾಲಾಗಿ ನಿಲ್ಲಿಸ್ತಾನಲ್ರೀ ಈ ಸಾಹೇಬ! ಹಾಜರಿ ಯಾವಾಗ ಕರೀತಾನೆ ಕೇಳ್ರಿ ಮೇಷ್ಟ್ರೇ!"

ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಹಯಾಶಿಯವರು ಕೆಸರಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು. ನೋಡಲು ಬಂದ ಮಕ್ಕಳಿಗೆ ನಾನು ಬದುವಿನ ಮೇಲೆ ನೀರು, ಮಣ್ಣು, ಬೀಜ, ಕಪ್ಪೆ ಎಂದು ಒಂದೊಂದನ್ನೇ ಮುಟ್ಟಿಸಿ, ಕುಣಿಸಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಹಯಾಶಿಯವರು ಅದನ್ನೇ ನೋಡುತ್ತಿದ್ದರಂತೆ. ಒಂದು ಭಾನುವಾರ ಹೇಳಿದರು: "ನಮ್ಮೂರಿನ ಶಾಲೆಯಲ್ಲಿ ನನ್ನ ಭಾವ ಹೆಡ್‌ಮಾಸ್ಟರ್. ಅಲ್ಲಿಯ ಮಕ್ಕಳು ಇಂಗ್ಲಿಷ್ ಪುಸ್ತಕ ಓದುತ್ತಾರೆ, ಆದರೆ ಬಾಯಿ ತೆರೆಯಲು ನಾಚುತ್ತಾರೆ. ನಿಮ್ಮಂಥವರನ್ನು ಹುಡುಕುತ್ತಿದ್ದಾರೆ. ಬೇಸಿಗೆಗೆ ಹೊರಟು ಬನ್ನಿ, ಎರಡು ವರ್ಷ ಇರಿ."

ಭೂಪಟದಲ್ಲಿ ಬೆತ್ತದ ತುದಿಯಿಂದ ಜಪಾನನ್ನು ತೋರಿಸಿದ್ದೆನೇ ಹೊರತು, ಅಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಇದ್ದಾರು ಎಂದು ಕನಸಿನಲ್ಲಿಯೂ ನೆನೆದವನಲ್ಲ. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ನಮ್ಮ ಕಡೆಯಿಂದ ಮಿಲಿಟರಿಗೆ ಹೋದವರಿರಲಿ, ಮುಂಬಯಿಗೆ ಹೋದವರಿರಲಿ, ಗಂಡಸು ಹೊರಡುವುದು, ಹೆಂಗಸು ತವರಿನಲ್ಲಿ ಕೂತು ದಾರಿ ನೋಡುವುದು. ನಾನು ಕಂಡದ್ದು ಅದೊಂದೇ ರೀತಿ. ಎರಡು ಕೂಸು ಕಳೆದುಕೊಂಡವಳನ್ನು, ಮೂರನೆಯದು ಉಳಿದೀತೋ ಇಲ್ಲವೋ ಎಂದು ಉಸಿರು ಹಿಡಿದುಕೊಂಡಿರುವವಳನ್ನು ಬಿಟ್ಟು ಹೇಗೆ ಹೋಗಲಿ?

ಅಂದು ಸಂಜೆ ಹಿತ್ತಲ ಕಟ್ಟೆಯ ಮೇಲೆ ಚೆನ್ನಮ್ಮನಿಗೆ ವಿಷಯ ಹೇಳಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟು: "ಅಲ್ಲಿ ಅನ್ನ ಉಣ್ತಾರಂತೇನ್ರೀ?"

"ಉಣ್ತಾರಂತೆ."

"ಚಳಿ ಭಾಳಂತಾ?"

"ಹಿಮ ಬೀಳುತ್ತಂತೆ."

"ಹಂಗಾರೆ ಒಂದು ಕೌದಿ ಬೇಕು" ಎಂದು ಎದ್ದಳು. ಮಾರನೆಯ ವಾರ ಬಂದು ನೋಡಿದರೆ ಮನೆಯ ಹಳೆಯ ಸೀರೆ, ಪಂಚೆಗಳನ್ನೆಲ್ಲ ಹರಡಿಕೊಂಡು ಕೌದಿ ಹೊಲಿಯುತ್ತ ಕೂತಿದ್ದಾಳೆ. ಅದು ಪಡಸಾಲೆಯ ಅರ್ಧಕ್ಕೆ ಬಂದಿತ್ತು. "ಇಷ್ಟು ಅಗಲ ಯಾಕೆ, ನಾನೇನು ಕುಂಭಕರ್ಣನೇ?" ಎಂದು ಚೇಷ್ಟೆ ಮಾಡಿದೆ. "ಹಿಮ ಅಂತೀರಿ, ಅಗ್ಲ ಇದ್ರೆ ತಪ್ಪೇನು?" ಎಂದು ತಲೆ ಎತ್ತದೆ ದಾರ ಎಳೆದಳು. ನನ್ನನ್ನು ಕಳಿಸಿಕೊಡಲು ಇವಳು ಮನಸ್ಸು ಗಟ್ಟಿ ಮಾಡಿಕೊಂಡುಬಿಟ್ಟಳಲ್ಲ ಎಂದು ನನಗೇ ಕಣ್ಣು ತುಂಬಿ ಬಂತು.

ನನಗೆ ಯಾವುದೂ ತೋಚದೆ ಶ್ರಾವಣದ ಒಂದು ಶನಿವಾರ ಹನುಮಪ್ಪನ ಹತ್ತಿರ ಹೂ ಕೇಳಲು ಹೋದೆ. ಪೂಜಾರಿ ರಾಮಪ್ಪನವರು ಒದ್ದೆ ಮಾಡಿದ ಕಣಗಿಲ ಹೂಗಳನ್ನು ದೇವರ ಎರಡೂ ಭುಜಕ್ಕೆ ಹಚ್ಚಿದರು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಕೇಳುವುದನ್ನು ಮನಸ್ಸಿನಲ್ಲೇ ಕೇಳಬೇಕು. ಆದರೆ ಜಡೆಯಲ್ಲಿ ನನ್ನ ಜಪಾನಿನ ಸುದ್ದಿ ಗೊತ್ತಿಲ್ಲದವರು ಯಾರು?

"ಸಮುದ್ರದ ಮಾತನ್ನ ಈತನ ಹತ್ರ ಕೇಳಾಕ ಬಂದೀರಲ್ಲ ಮೇಷ್ಟ್ರೇ, ಹಾರಿ ದಾಟಿದೋನು ಬ್ಯಾಡ ಅಂತಾನೇನ್ರಿ?" ಎಂದು ರಾಮಪ್ಪನವರು ನಕ್ಕರು.

ನನಗೆ ನಗು ಬರಲಿಲ್ಲ. ನಾನು ಜಪಾನಿಗೆ ಹೋಗಲೇ ಸ್ವಾಮಿ, ಎಂದು ಕಣ್ಣು ಮುಚ್ಚಿ ಕೇಳಿದೆ. ಕೇಳಿದ್ದು ಹೀಗೆ, ಒಳಗೊಳಗೆ ಬೇಡಿಕೊಂಡಿದ್ದು ಎಡಗಡೆಯದು ಬೀಳಲಪ್ಪಾ ಎಂದು. ಬೇಡ ಎಂದು ದೇವರೇ ಹೇಳಿಬಿಟ್ಟರೆ ಆಸೆಯನ್ನು ಅಲ್ಲೇ ಬಿಟ್ಟು ಹಗುರಾಗಿ ಮನೆಗೆ ಹೋಗಬಹುದಿತ್ತು. ರಾಮಪ್ಪನವರು ಗಂಟೆ ಬಾರಿಸಿದರು. ಬಲಗಡೆಯ ಹೂ ತಡ ಮಾಡದೆ ಬಿತ್ತು. ಅದನ್ನು ನನ್ನ ಕೈಗೆ ಹಾಕಿ "ಹೊರಡ್ರಿ ಇನ್ನ" ಎಂದರು. ಒಮ್ಮೆ ಕೇಳಿದ್ದನ್ನು ಮತ್ತೊಮ್ಮೆ ಕೇಳುವ ಹಾಗಿಲ್ಲ. ಹಯಾಶಿಯವರಿಗೆ ಆಗಲಿ ಎಂದೆ. ಅವರು ಸಂತೋಷದಿಂದ, ಮನೆಯ ವ್ಯವಸ್ಥೆ ಮಾಡಲು ಅಕ್ಕನಿಗೆ ಇವತ್ತೇ ಬರೆಯುತ್ತೇನೆ ಎಂದರು. ನಾನು ಅದಕ್ಕೆ ಅಷ್ಟು ಗಮನ ಕೊಡಲಿಲ್ಲ.

ಮಹಾನವಮಿ ಮುಗಿದ ಮೇಲಿನ ಭಾನುವಾರ. ಚೆನ್ನಮ್ಮನಿಗೆ ಎಂಟನೇ ತಿಂಗಳು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು "ಅವ್ವಾ" ಎಂದು ಕೂಗಿ ಅಲ್ಲೇ ಕುಸಿದಳು. ನೆಲವೆಲ್ಲ ರಕ್ತ. ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, "ಇದು ನನ್ ಕೈಯಾಗಿನ ಕೆಲ್ಸ ಅಲ್ರೀ, ದೊಡ್ಡಾಸ್ಪತ್ರಿಗೆ ಒಯ್ರಿ" ಎಂದು ಹಿಂದಕ್ಕೆ ಸರಿದಳು. ಬೆಳಗಿನ ಬಸ್ಸು ಹೋಗಿಯಾಗಿತ್ತು. ಗಾಡಿಗೆ ಹುಲ್ಲು ಹಾಸಿ, ಅದರ ಮೇಲೆ ಆ ಕೌದಿ ಹಾಸಿ ಅವಳನ್ನು ಮಲಗಿಸಿದೆವು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಎತ್ತುಗಳು ಹೇಗೆ ನಡೆದರೂ ನನಗೆ ನಿಂತಂತೆಯೇ ಕಾಣುತ್ತಿತ್ತು.

ಆನವಟ್ಟಿ ಇನ್ನೂ ದೂರ ಇರುವಾಗ ಎದುರಿನಿಂದ ಹಯಾಶಿಯವರ ಜೀಪು ಬಂತು. ನಾಟಿ ಮುಗಿದ ಮೇಲೆ ಭಾನುವಾರ ಅವರು ಆ ರಸ್ತೆಗೆ ಬರುವವರೇ ಅಲ್ಲ. ಅಂದು ತೆನೆ ಒಡೆದದ್ದನ್ನು ನೋಡಲು ಮನಸ್ಸಾಗಿ, ಒಂದೊಂದೇ ಗದ್ದೆಗೆ ಇಳಿದು ನೋಡುತ್ತ ಬಂದಿದ್ದರಂತೆ. ಒಂದು ಮಾತೂ ಕೇಳದೆ ಜೀಪನ್ನು ತಿರುಗಿಸಿ, ಕೌದಿಯ ಸಮೇತ ಅವಳನ್ನು ಎತ್ತಿ ಮಲಗಿಸಲು ಕೈ ಕೊಟ್ಟರು. ಶಿಕಾರಿಪುರದ ಆಸ್ಪತ್ರೆಯಲ್ಲಿ ಡಾಕ್ಟರು ಇಂಜೆಕ್ಷನ್ ಕೊಟ್ಟು, "ಇಲ್ಲಿ ಆಪರೇಷನ್ ಆಗೋದಿಲ್ಲ, ತಡ ಮಾಡದೆ ಶಿವಮೊಗ್ಗಕ್ಕೆ ಹೋಗಿ" ಎಂದರು. ಜೀಪು ಶಿಕಾರಿಪುರದ ಹನುಮಪ್ಪನಾದ ಹುಚ್ಚರಾಯಸ್ವಾಮಿಯ ಗುಡಿಯ ಕಡೆಯ ರಸ್ತೆ ಹಾದುಹೋಯಿತು. ಹುಟ್ಟಿದಾಗಿನಿಂದ ಆ ದಿಕ್ಕಿಗೆ ಕೈ ಮುಗಿಯದೆ ಹೋದವನಲ್ಲ ನಾನು. ಅಂದು ಮುಗಿಯಲಿಲ್ಲ. 'ಜಡೆಯಲ್ಲಿದ್ದರೂ ನೀನೇ, ಇಲ್ಲಿದ್ದರೂ ನೀನೇ. ಹೋಗು ಎಂದು ಹೂ ಕೊಟ್ಟೆಯಲ್ಲ, ಇದಕ್ಕೇನಾ? ನನ್ನನ್ನು ಇಲ್ಲಿ ಹಿಡಿದಿಟ್ಟವಳನ್ನೇ ಹೀಗೆ ಕಿತ್ತುಕೊಂಡು ಕಳಿಸುತ್ತೀಯಾ?' ಎಂದು ಮನಸ್ಸಿನಲ್ಲೇ ಜಗಳ ತೆಗೆದೆ. ಕೌದಿಯ ಅಂಚಿನಿಂದ ಚೆನ್ನಮ್ಮನ ಕೈ ಹೊರಗೆ ಬಂದಿತ್ತು. ಅದನ್ನು ಹಿಡಿದುಕೊಂಡೆ. ತಣ್ಣಗಿತ್ತು.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಒಯ್ದು ಬಾಗಿಲು ಹಾಕಿದರು. ಲೇಡಿ ಡಾಕ್ಟರು ಹೊರಗೆ ಬಂದು, "ಹೊಟ್ಟೆ ಕುಯ್ಯಬೇಕು. ಇಬ್ಬರಲ್ಲಿ ಒಬ್ಬರಾದರೂ ಉಳಿಯಲಿ ಎಂದು ಬೇಡಿಕೊಳ್ಳಿ" ಎಂದು ಹೇಳಿ ಹೋದರು. ಅತ್ತೆ ಗೋಡೆಗೆ ಮುಖ ಮಾಡಿ ಕೂತು ಹನುಮಪ್ಪನ ಹೆಸರು ಹೇಳುತ್ತಿದ್ದರು. ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಹಯಾಶಿಯವರು, ಕಾಲಲ್ಲಿ ಇನ್ನೂ ಗದ್ದೆಯ ಕೆಸರು.

ಅವರ ಕಡೆ ತಿರುಗಿ ನಾನೇ ಹೇಳಿದೆ: "ಕ್ಷಮಿಸಿ. ನಾನು ನಿಮ್ಮ ದೇಶಕ್ಕೆ ಬರುವುದಿಲ್ಲ. ಇವಳು ಬದುಕಿದರೆ ಇವಳನ್ನು ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ."

ಅವರು ನನ್ನ ಮುಖವನ್ನು ನೋಡಿ, "ಬಿಟ್ಟು ಬನ್ನಿ ಎಂದು ಯಾರು ಹೇಳಿದರು?" ಎಂದರು.

"ಹಾಗೆಂದರೆ?" ಎಂದೆ.

"ಅಕ್ಕ ಮನೆ ನೋಡಿಟ್ಟಿದ್ದಾಳೆ. ಶಾಲೆಯ ಹಿಂದೆಯೇ. ಮೂವರಿಗೆ ಅಂತ. ಕೂಸಿಗೆ ತೊಟ್ಟಿಲು ಬೇಕೋ, ನೀವು ಸೀರೆಯಲ್ಲಿ ಜೋಲಿ ಕಟ್ಟುತ್ತೀರೋ ಎಂದು ಕೇಳಿದ್ದಾಳೆ." ಕಾಲಿನ ಕೆಸರನ್ನು ಉಜ್ಜಿಕೊಳ್ಳುತ್ತ ಹೇಳಿದರು: "ನಾನು ನನ್ನ ಹೆಂಡತಿಯನ್ನು ಬಿಟ್ಟು ಬಂದು ವರ್ಷವಾಯಿತು. ಆ ಕಷ್ಟ ನನಗೆ ಗೊತ್ತು. ಬಾ ಎಂದು ಕರೆದು ಅದನ್ನೇ ಇನ್ನೊಬ್ಬರಿಗೆ ಹೇಗೆ ಕೊಡಲಿ?"

ನಾನು ಗಂಡಸು ಎಂಬುದನ್ನೂ ಮರೆತು ಆ ವರಾಂಡದಲ್ಲಿ ಅತ್ತುಬಿಟ್ಟೆ. ಹನುಮಪ್ಪ ತಪ್ಪು ಹೂ ಕೊಟ್ಟಿರಲಿಲ್ಲ. ಹೋಗಲೇ ಎಂದು ನಾನು ಅರ್ಧ ಪ್ರಶ್ನೆ ಕೇಳಿದ್ದೆ, ಅವನು ಪೂರ್ತಿ ಪ್ರಶ್ನೆಗೆ ಉತ್ತರ ಕೊಟ್ಟಿದ್ದ. ಅಲ್ಲೇ, ಹಯಾಶಿಯವರ ಎದುರೇ, ಕಣ್ಣು ಒರೆಸಿಕೊಂಡು ಶಿಕಾರಿಪುರದ ದಿಕ್ಕಿಗೆ ತಿರುಗಿ ಕೈ ಮುಗಿದೆ. 'ನೀನು ಮೂವರಿಗೂ ಹೋಗಿ ಎಂದಿದ್ದೀಯೆ ಸ್ವಾಮಿ. ಹಾಗಾದರೆ ಮೂವರನ್ನೂ ಉಳಿಸು' ಎಂದೆ. ವಾದ ಮಾಡುವವನಿಗೆ ದೇವರ ಮಾತನ್ನೇ ಹಿಡಿದು ಕೇಳಲು ಒಂದು ಎಳೆ ಸಿಕ್ಕಿತ್ತು.

ದೀಪ ಹಚ್ಚುವ ಹೊತ್ತಿಗೆ ನರ್ಸಮ್ಮ ಬಾಗಿಲು ತೆರೆದರು. "ಹೆಣ್ಣು ಮಗು. ಅಂಗೈಯಷ್ಟಿದೆ, ಆದರೆ ಗಂಟಲು ಜೋರಾಗಿದೆ. ತಾಯಿಯೂ ಉಳಿದುಕೊಂಡರು" ಎಂದರು. ಅತ್ತೆ ಎದ್ದು ಮೊದಲು ಹಯಾಶಿಯವರ ಕಾಲಿಗೆ ಬಿದ್ದರು. ಅವರು ಗಾಬರಿಯಾಗಿ ತಾವೂ ನೆಲದ ಮೇಲೆ ಕೂತು, ಹಣೆ ತಾಗುವಷ್ಟು ಬಗ್ಗಿ ಅತ್ತೆಗೆ ನಮಸ್ಕರಿಸಿದರು. ಅಷ್ಟು ದುಃಖದ ದಿನ ಕಳೆದಿದ್ದರೂ ಆ ಇಬ್ಬರನ್ನು ನೋಡಿ ನರ್ಸಮ್ಮನಿಗೂ ನನಗೂ ನಗು ತಡೆಯಲಾಗಲಿಲ್ಲ.

ಕೂಸನ್ನು ಹತ್ತಿಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಗಳ ನಡುವೆ ಇಟ್ಟು ಕಾಪಾಡಿದರು. ಚೆನ್ನಮ್ಮ ಎದ್ದು ದಿಂಬಿಗೆ ಒರಗಿ ಗಂಜಿ ಕುಡಿಯುವಷ್ಟಾದಾಗ, ಶಾಲೆಯ ಹಿಂದಿನ ಮನೆಯ ಸುದ್ದಿಯನ್ನು ಅವಳಿಗೆ ಹೇಳಿದೆ. ಬೆರಗಾಗುತ್ತಾಳೆ ಎಂದು ಕಾದೆ. ಅವಳು ಗಂಜಿ ಕುಡಿದು ಮುಗಿಸಿ, ಬಾಯಿ ಒರೆಸಿಕೊಂಡಳು.

"ಮತ್ತೆ ನಾನೇನು ಆ ಕೌದೀನ ನಿಮಗೊಬ್ರಿಗೇ ಹೊಲ್ದಿದ್ನಾ?"

ನಾನು ಅವಳ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡೆ.

"ನೀವು ಸುದ್ದಿ ಹೇಳಿದ ವಾರಾನೇ ನಾನೂ ಹೂ ಕೇಳಿದ್ದೆ. ಹೋದ್ರೆ ಮೂರೂ ಮಂದಿ ಕೂಡೇ ಹೋಗೋ ಹಂಗೆ ಮಾಡಪ್ಪಾ, ಅಂತ. ಬಲಕ್ಕೇ ಕೊಟ್ಟ."

"ನನಗೆ ಯಾಕೆ ಹೇಳಲಿಲ್ಲ ಮಾರಾಯ್ತಿ?"

"ನಾನೂ ಬರ್ತೀನಿ ಅಂತ ಹೆಂಗಸು ಬಾಯಿಬಿಟ್ಟು ಹೇಳಿದ್ರೆ ಊರು ನಗಲ್ವಾ? ನೀವೊಂದು ಮಾತು ಕೇಳ್ತೀರೇನೋ ಅಂತ ಕಾದೆ. ನೀವು ದೇವರನ್ನ ಕೇಳಿದ್ರಿ, ಸಾಹೇಬ್ರನ್ನ ಕೇಳಿದ್ರಿ, ಖಾನಾವಳಿಯೋರನ್ನೂ ಕೇಳಿದ್ರಿ." ಅವಳಿಗೆ ನಗಲು ಹೊಲಿಗೆ ನೋಯುತ್ತಿತ್ತು. ಆದರೂ ನಕ್ಕಳು.

ಇದನ್ನು ಬರೆಯುತ್ತಿರುವುದು ಜಪಾನಿನಿಂದ. ಹೊರಡುವ ಮೊದಲು ಹನುಮಪ್ಪನ ಎದುರು ಕೂಸಿಗೆ ಅಂಜನಾ ಎಂದು ಹೆಸರಿಟ್ಟದ್ದನ್ನು ನೀವೆಲ್ಲ ನೋಡಿದ್ದೀರಿ. ಬೆಳಿಗ್ಗೆ ಮಕ್ಕಳು ಸಾಲಾಗಿ ನಿಂತು ನನಗೆ ತಲೆಬಾಗಿ ನಮಸ್ಕರಿಸುವಾಗ ನಾಟಿಯ ಹೆಂಗಸರ ಮಾತು ನೆನಪಾಗುತ್ತದೆ. ಮೊದಲು ಬಾಯಿ ತೆರೆಯಲು ನಾಚುತ್ತಿದ್ದ ಮಕ್ಕಳು ಈಗ ಅಂಜನಾಳನ್ನು ನೋಡಲು ಮನೆಗೆ ಬಂದು, ಅವಳ ಮೂಗು, ಕಿವಿ ಮುಟ್ಟಿ ಇಂಗ್ಲಿಷಿನಲ್ಲಿ ಹೇಳಿ ಓಡಿಹೋಗುತ್ತಾರೆ. ಇಲ್ಲಿ ಮೂರು ಹೊತ್ತೂ ಅನ್ನವೇ. ಮೊನ್ನೆ ಹಿಮ ಬಿತ್ತು. ಕೌದಿ ಮೂವರಿಗೂ ಸರಿಯಾಗಿ ಬರುತ್ತದೆ.

ಹೂ ಕೇಳಲು ಹೋಗುವವರಿಗೆ ನನ್ನದೊಂದು ವಿನಂತಿ. ದೇವರನ್ನು ಕೇಳುವ ಮೊದಲು ಮನೆಯಲ್ಲಿ ಇರುವವರನ್ನು ಒಂದು ಮಾತು ಕೇಳಿ. ನಾನು ಕೇಳಲಿಲ್ಲ. ಆದರೂ ಅವನು ಕೈ ಬಿಡಲಿಲ್ಲ, ಜೀಪನ್ನು ಆ ರಸ್ತೆಗೆ ತಿರುಗಿಸಿದ. ಅವನ ಮೇಲೆ ಇದ್ದ ನಂಬಿಕೆ ಈಗ ಇಮ್ಮಡಿಯಾಗಿದೆ.

ಇಷ್ಟನ್ನು ಚೆನ್ನಮ್ಮನಿಗೆ ಓದಿ ಹೇಳಿದೆ. ಕೂಸನ್ನು ತಟ್ಟುತ್ತ ಕೇಳಿದಳು. "ಎಲ್ಲಾ ಸರಿ ಐತ್ರಿ. ಆದ್ರೆ ಹನುಮಪ್ಪ ನಿಮ್ ಕೈ ಬಿಡಲಿಲ್ಲ ಅಂತ ಬರೆದೀರಲ್ಲ, ನೀವು ಬೇಡಿದ್ದು ಎಡಗಡೆ ಹೂವು. ನಡೆಸಿಕೊಟ್ಟಿದ್ದು ನಂದು" ಎಂದಳು.

ಹೌದು. ಮೇಲೆ ಬರೆದದ್ದನ್ನು ಅವಳ ಅನುಭವ ಎಂದೇ ಓದಿಕೊಳ್ಳಿ. ಅವಳು ಬೇಡಿದ್ದರಲ್ಲಿ ನನ್ನನ್ನೂ ಸೇರಿಸಿ ಬೇಡಿದ್ದಳು, ಅದಕ್ಕೆ ನಾನು ಇಲ್ಲಿದ್ದೇನೆ.