ದೇವೇಂದ್ರಣ್ಣನ ಯಾಳಿ, ನನ್ನ ಗಂಡಭೇರುಂಡ

ಭಾನುವಾರ ನಮ್ಮ ಎಣ್ಣೆ ಗಿರಣಿಯ ಗೋದಾಮಿನಲ್ಲಿ ಯುದ್ಧ ನಡೆಯುತ್ತದೆ ಎಂದರೆ ಚಳ್ಳಕೆರೆಯ ಜನ ನಗುತ್ತಾರೆ. ನಗಲಿ. ಶೇಂಗಾ ಹಿಂಡಿಯ ಮೂಟೆಗಳ ನಡುವೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಗೆರೆ ಎಳೆದ ಮನೆಗಳು, ಶೇಂಗಾ ಸಿಪ್ಪೆ ಅಂಟಿಸಿ ಮಾಡಿದ ಗುಡ್ಡ, ಎರಡು ಕಡೆಯೂ ಬೆರಳುದ್ದದ ಸೈನಿಕರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಸಿದ್ದಲಿಂಗೇಶ್ ಯಾವುದೋ ದೇಶದವರು ರಾಕ್ಷಸರ ಬೊಂಬೆ ಇಟ್ಟುಕೊಂಡು ಆಡುವುದನ್ನು ಫೋನಿನಲ್ಲಿ ನೋಡಿ, ನಮ್ಮ ಕಡೆಯ ಮೃಗಗಳನ್ನು ಹಾಕಿ ತಾವೇ ಒಂದು ಆಟ ಕಟ್ಟಿದರು. ಆಡುವವರು ಆರು ಜನ, ಎಲ್ಲರಿಗೂ ಐವತ್ತು ದಾಟಿದೆ. ಜಾಗ ನನ್ನದಾದ್ದರಿಂದ ನನ್ನ ಮಾತು ಸ್ವಲ್ಪ ಜೋರು, ಸಿಟ್ಟು ಇನ್ನೂ ಜೋರು.

ದೇವೇಂದ್ರಣ್ಣ ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರ. ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಗಂಟೆಗೂ ಮೇಲೆ ಕೂತು ಬರುತ್ತಾನೆ. ಕೈಯಲ್ಲಿ ಟಿಫಿನ್ ಕ್ಯಾರಿಯರ್. ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನ, ಕೆಳಗಿನ ಎರಡರಲ್ಲಿ ಸೈನ್ಯ. ಇಳಿದವನೇ ಟವೆಲ್ಲಿನಿಂದ ಹಲಗೆಯ ಧೂಳು ಒರೆಸುತ್ತಾನೆ. ಹಲಗೆ ನನ್ನದು, ಧೂಳು ಒರೆಸುವವನು ಅವನು. ನನಗೆ ಅದಕ್ಕೂ ಸಿಟ್ಟು ಬರುತ್ತಿತ್ತು.

ಆಟದಲ್ಲಿ ಒಬ್ಬೊಬ್ಬರಿಗೂ ಒಂದು ದೊಡ್ಡ ಮೃಗ ಇಟ್ಟುಕೊಳ್ಳಲು ಅವಕಾಶ. ಇರುವುದು ಎರಡೇ ಜಾತಿ. ಗಂಡಭೇರುಂಡ ಹನ್ನೆರಡು ಮನೆ ಹಾರುತ್ತದೆ, ಎರಡು ಕೊಕ್ಕಿನಿಂದ ಎರಡು ಏಟು ಹೊಡೆಯುತ್ತದೆ, ಆದರೆ ಜೀವ ಎಂಟೇ. ಗುಡಿಯ ಕಂಬದ ಮೇಲಿರುವಂಥ ಯಾಳಿ, ಸಿಂಹದ ಮೈ, ಆನೆಯ ಸೊಂಡಿಲು, ನಾಲ್ಕು ಮನೆ ನಡೆಯುತ್ತದೆ, ಒಂದೇ ಏಟು, ಜೀವ ಮಾತ್ರ ಹದಿನೈದು. ಬೆಲೆ ಎರಡಕ್ಕೂ ಇನ್ನೂರು ಅಂಕ. ಬುದ್ಧಿ ಇದ್ದವರು ಯಾವುದನ್ನು ಆರಿಸುತ್ತಾರೆ? ಐದು ಜನ ಗಂಡಭೇರುಂಡವನ್ನೇ ಇಟ್ಟುಕೊಂಡಿದ್ದೆವು. ದೇವೇಂದ್ರಣ್ಣನದು ಯಾಳಿ. ಸೀರೆಯ ಅಂಚಿಗೆ ವಿನ್ಯಾಸ ಬರೆಯುವ ಚೌಕಳಿ ಕಾಗದದ ಮೇಲೆ ಎರಡು ಮೃಗಗಳನ್ನೂ ಸುತ್ತು ಸುತ್ತಿಗೆ ಹೋಲಿಸಿ, ಕೆಂಪು ಹಸಿರು ಪೆನ್ಸಿಲಿನಲ್ಲಿ ತುಂಬಿ ತಂದಿದ್ದ. "ಹಕ್ಕಿ ಮೂರನೇ ಸುತ್ತಿಗೆ ಸಾಯ್ತೈತೆ ನೋಡ್ರಿ ಸಾವ್ಕಾರ್ರೆ. ಯಾಳಿ ಕೊನೇ ತಂಕ ನಿಂತಿರ್ತೈತೆ" ಅನ್ನುತ್ತಿದ್ದ. "ನಿಂತ್ಕೊಂಡು ಏನು ಮಾಡ್ತೈತೆ, ಬಸ್ಸು ಕಾಯ್ತೈತಾ?" ಎಂದು ನಾನು ಕೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅವನೂ ನಗುತ್ತಿದ್ದ. ಮೂರು ವರ್ಷದಲ್ಲಿ ನನ್ನ ಮೇಲೆ ಒಂದು ಆಟವನ್ನೂ ಗೆದ್ದಿರಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಮೇಷ್ಟ್ರು ನಿಯಮಗಳನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಲು ಹೊರಟರು. ಒಬ್ಬನನ್ನು ಬಿಟ್ಟು ಯಾರೂ ಇಟ್ಟುಕೊಳ್ಳದ ಯಾಳಿಗೆ ಎರಡು ಪುಟ ಯಾಕೆ, ತೆಗೆದುಬಿಡೋಣ ಎಂದರು. ದೇವೇಂದ್ರಣ್ಣ ಚಿತ್ರಾನ್ನದ ಡಬ್ಬಿ ಕೆಳಗಿಟ್ಟ.

"ಈ ಯಾಳಿ ನಮ್ಮಪ್ಪನ ಒಡೆದ ಲಾಳಿ ಕಟ್ಟಿಗೇಲಿ ಕೆತ್ತಿದ್ದು ರೀ. ನಮ್ಮಪ್ಪ ಬೊಮ್ಮಯ್ಯ ಮಗ್ಗದ ಕುಣಿಯಾಗೆ ಕಾಲಿಳಿಬಿಟ್ಟು ನಲವತ್ತು ವರ್ಷ ಕೂತಿದ್ದ. ಕೂತಲ್ಲೇ ಎಂಟು ಜನರನ್ನ ಸಾಕಿದ. ಜಾಗ ಬಿಟ್ಟು ಕದಲದೇ ಇರೋನು ನಿಮ್ಮ ಪುಸ್ತಕದಾಗೆ ಇರಬಾರದೇನ್ರಿ?"

ನಾನೇ ಬಾಯಿ ಹಾಕಿದೆ. ಒಂದು ಆಟ ಆಡೋಣ, ನಿನ್ನ ಯಾಳಿ ಗೆದ್ದರೆ ಪುಸ್ತಕದಲ್ಲಿ ಇರಲಿ, ನನ್ನ ಹಕ್ಕಿ ಗೆದ್ದರೆ ಹೋಗಲಿ. ಅವನು ಒಪ್ಪಿಕೊಂಡ.

ಎಂಟು ಸುತ್ತಿನ ಆಟ. ಎದುರಾಳಿಯ ಬಾವುಟದ ಮನೆ ಹಿಡಿದವನು ಗೆದ್ದ; ಯಾರೂ ಹಿಡಿಯದಿದ್ದರೆ ಉಳಿದ ಸೈನ್ಯದ ಅಂಕ ಎಣಿಸುವುದು. ಏಳನೇ ಸುತ್ತಿನವರೆಗೂ ಅವನ ಯಾಳಿ ತನ್ನ ಬಾವುಟದ ಪಕ್ಕ ನಿಂತು ನನ್ನ ಹಕ್ಕಿಯನ್ನು ಇಳಿಯಗೊಡಲಿಲ್ಲ. ಹಾಗೇ ಬಿಟ್ಟಿದ್ದರೆ ಅಂಕದ ಮೇಲೆ ಅವನೇ ಗೆಲ್ಲುತ್ತಿದ್ದ. ಆದರೆ ಅವನ ಒಂದು ಚಾಳಿ ನನಗೆ ಗೊತ್ತಿತ್ತು. ಸಾಲಿನಲ್ಲಿ ಸಂದು ಬಿದ್ದರೆ ಅವನಿಗೆ ತಡೆಯುವುದಿಲ್ಲ, ತಕ್ಷಣ ಯಾರನ್ನಾದರೂ ತಂದು ತುಂಬುತ್ತಾನೆ. ಅವನ ಸಾಲಿನ ಎಡ ತುದಿಯಲ್ಲಿ ಕೆಲಸಕ್ಕೆ ಬಾರದ ಒಬ್ಬ ಬಿಲ್ಲುಗಾರನಿದ್ದ. ನಾನು ಅವನನ್ನು ಹೊಡೆದೆ. ಹತ್ತಿರ ಇದ್ದದ್ದು ಯಾಳಿ ಒಂದೇ.

ದೇವೇಂದ್ರಣ್ಣ ಖಾಲಿ ಮನೆ ನೋಡಿದ, ಬಾವುಟ ನೋಡಿದ, ಮತ್ತೆ ಖಾಲಿ ಮನೆ ನೋಡಿದ. ಆಮೇಲೆ ಅವನ ಕೈ ಯಾಳಿಯನ್ನು ಎತ್ತಿ ಅಲ್ಲಿಟ್ಟಿತು. ನನ್ನ ಹಕ್ಕಿ ಬಾವುಟದ ಮೇಲೆ ಇಳಿಯಿತು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಯಾಳಿಯ ಪುಟದ ಮೇಲೆ ಅಡ್ಡಗೆರೆ ಎಳೆದರು. ಗೆದ್ದ ಖುಷಿಗೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ತರಿಸಿದೆ, ಅವನು ಒಂದು ಮೆಣಸಿನಕಾಯಿ ತಿಂದು ಬಸ್ಸಿಗೆ ಹೋದ.

ಎರಡು ಭಾನುವಾರ ಬರಲಿಲ್ಲ. ಮೂರನೇ ವಾರ ನಾನೇ ಮೊಳಕಾಲ್ಮೂರಿಗೆ ಹೋದೆ. ಹಲಗೆಯ ಮೇಲಿನ ಧೂಳು ಕಣ್ಣಿಗೆ ಬೀಳುತ್ತಿತ್ತು ಎಂದು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಕಾರಣ ಅದೇ. ಬಾಗಿಲಲ್ಲಿ ಅವನ ಹೆಂಡತಿ ಲಕ್ಷ್ಮೀದೇವಿ "ಕೂರ್ಚೋಂಡಿ" ಎಂದು ತೆಲುಗಿನಲ್ಲಿ ಕೂರಲು ಹೇಳಿ ಚಾಪೆ ಹಾಸಿದಳು. ದೇವೇಂದ್ರಣ್ಣ ಕುಣಿಯಲ್ಲಿ ಕಾಲಿಟ್ಟು ನೇಯುತ್ತಲೇ ಇದ್ದ.

"ಮೈ ಹುಷಾರಿಲ್ವಾ?"

"ಹುಷಾರಾಗೇ ಐದೀನಿ ರೀ. ಈ ಸೀರೆ ಗುರುವಾರದೊಳಗೆ..."

ಮಾತು ಅಲ್ಲಿಗೇ ನಿಂತಿತು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸಿನಲ್ಲಿ ಒಂದು ಎಳೆ ಕಡಿದಿತ್ತು. ನನಗೆ ಕಾಣಲೇ ಇಲ್ಲ. ಅವನು ಸಾವಿರಾರು ಎಳೆಗಳ ನಡುವೆ ಅದರ ತುದಿ ಹುಡುಕಿ, ಜಾರದಿರಲೆಂದು ಬೂದಿ ಮುಟ್ಟಿದ ಬೆರಳಿನಲ್ಲಿ ಇನ್ನೊಂದು ತುಂಡು ಎಳೆ ಸೇರಿಸಿ, ಹೊಸೆದು, ಎಳೆದು ನೋಡಿದ. ಅಲ್ಲಿಯವರೆಗೆ ಅವನ ಪಾಲಿಗೆ ನಾನು ಆ ಮನೆಯಲ್ಲಿ ಇರಲೇ ಇಲ್ಲ.

"ಹಂಗೇ ಬಿಟ್ಟು ಮುಂದಕ್ಕೆ ಹೋದ್ರೆ?" ಎಂದೆ.

"ಸೀರೆ ಉದ್ದಕ್ಕೂ ಸಂದು ಹೋಗ್ತೈತೆ ರೀ. ಆಮ್ಯಾಲೆ ದೇವ್ರು ಬಂದ್ರೂ ಮುಚ್ಚಕ್ಕಾಗಲ್ಲ."

ಕೊನೆಗೆ ಕೇಳಿಯೇಬಿಟ್ಟೆ. "ಅವತ್ತು ಬಾವುಟ ಕಾಣ್ಲಿಲ್ವಾ ನಿಂಗೆ?"

"ಕಾಣ್ತು ರೀ. ನೀವು ಬೇಕಂತಲೇ ಹೊಡೆದ್ರಿ ಅನ್ನೋದೂ ಕಾಣ್ತು. ಕೈ ಕೇಳ್ಲಿಲ್ಲ."

ನನಗೆ ನಾಚಿಕೆಯಾಯಿತು. ಮೂರು ವರ್ಷ ನಾನು ಸೋಲಿಸಿದ್ದು ಈ ಕೈಯನ್ನು. ನಾಚಿಕೆಯಾದಾಗ ನನಗೆ ಬರುವುದು ಸಿಟ್ಟೇ. "ಭಾನುವಾರ ಬಾ. ಯಾಳಿ ಪುಸ್ತಕದಾಗೆ ಇರ್ತೈತೆ" ಎಂದು ರೇಗಿದೆ.

"ಬ್ಯಾಡ ರೀ. ಸೋತದ್ದು ಸೋತಂಗೆ. ಅಯ್ಯೋ ಪಾಪ ಅಂತ ಕೊಟ್ಟಿದ್ದು ನಂಗೆ ಬ್ಯಾಡ."

"ಪಾಪ ಅನ್ನೋಕೆ ನಾನು ಇಲ್ಲಿ ತಂಕ ಬಸ್ಸಿಗೆ ಬಂದೆನಾ? ನಿನ್ನ ಕೈಗೆ ಗೊತ್ತಿರೋದು ಮೇಷ್ಟ್ರ ನಿಯಮದಾಗೆ ಇಲ್ಲ. ಅದನ್ನ ಬರೀದೇ ಪುಸ್ತಕ ಅಚ್ಚು ಹಾಕಿದ್ರೆ ಅದೂ ಸಂದು ಬಿಟ್ಟ ಸೀರೆನೇ."

ಅವನು ಲಾಳಿ ಕೆಳಗಿಟ್ಟು ನನ್ನನ್ನು ನೋಡಿದ.

ಮೇಷ್ಟ್ರ ನೋಟ್‌ಬುಕ್ಕಿನಲ್ಲಿ ಅಡ್ಡಗೆರೆಯ ಕೆಳಗೆ, ಚಳ್ಳಕೆರೆಗೆ ವಾಪಸ್ ಬಂದ ಮೇಲೆ, ನಾನೇ ಬರೆದೆ: ಯಾಳಿಯ ನಾಲ್ಕು ಮನೆಯೊಳಗೆ ತನ್ನವನು ಬಿದ್ದರೆ, ಎದುರಾಳಿಯ ಸರದಿ ಇದ್ದರೂ, ಯಾಳಿ ಕೂಡಲೇ ಆ ಮನೆಗೆ ಹೋಗಬಹುದು. ಉಳಿದ ನಾಲ್ವರೂ ಓದಿ ಒಪ್ಪಿದರು.

ಆ ಭಾನುವಾರ ದೇವೇಂದ್ರಣ್ಣ ಬಂದ, ಧೂಳು ಒರೆಸಿದ, ಯಾಳಿ ಇಟ್ಟ. ಆರನೇ ಸುತ್ತಿನಲ್ಲಿ ಹಳೇ ಬುದ್ಧಿಯಂತೆ ನಾನು ಅವನ ಒಬ್ಬ ಸೈನಿಕನನ್ನು ಹೊಡೆದು, ಆ ಖಾಲಿ ಮನೆಗೆ ಹಕ್ಕಿಯನ್ನು ಇಳಿಸಲು ಎತ್ತಿದೆ. ಇಳಿಸುವ ಮೊದಲೇ ಅಲ್ಲಿ ಯಾಳಿ ಕೂತಿತ್ತು. "ನನ್ನ ಸರದಿ ಇನ್ನೂ ಮುಗಿದಿಲ್ಲ" ಎಂದು ಕೂಗಿದೆ. ಅವನು ನೋಟ್‌ಬುಕ್ ತಿರುಗಿಸಿ ನನ್ನ ಅಕ್ಷರದ ಮೇಲೆ ಬೆರಳಿಟ್ಟ. ಹಕ್ಕಿ ಇದ್ದಲ್ಲೇ, ಅವನ ಬಿಲ್ಲುಗಾರರ ನಡುವೆ ಉಳಿದು ಮುಂದಿನ ಸುತ್ತಿಗೆ ಸತ್ತಿತು.

ಸತ್ತ ಹಕ್ಕಿಯನ್ನು ಅವನು ಹಲಗೆಯಿಂದ ಎತ್ತಿ, ರೆಕ್ಕೆ ಟವೆಲ್ಲಿನಿಂದ ಒರೆಸಿ, ನನ್ನ ಕೈಗಿಟ್ಟ.

"ಒಳ್ಳೇ ಹಕ್ಕಿ ರೀ" ಎಂದ. "ಇಳಿಯಾಕೆ ಒಂದು ಜಾಗ ಇರಬೇಕಿತ್ತು, ಅಷ್ಟೆ."